ಕಾರು ರಸ್ತೆ ಪಕ್ಕ, ಮೀಟರ್ ಕೆಳಗಿನ ಮನೆಯಲ್ಲಿ: ಚಾರ್ಜಿಂಗ್‌ಗೆ ಏನು ಮಾಡಲಿ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆ. ಚಿಕ್ಕ ಗಾಡಿ, 24 ಯೂನಿಟ್ ಹಿಡಿಯುವ ಬ್ಯಾಟರಿ. ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 40 ಕಿ.ಮೀ. ಗಾಡಿ ಬಗ್ಗೆ ಏನೂ ದೂರಿಲ್ಲ. ತಲೆನೋವೆಲ್ಲ ಚಾರ್ಜಿಂಗ್‌ದು.

ಮಲೆನಾಡಿನ ಮನೆ ಅಂದರೆ ಗೊತ್ತಲ್ಲ, ರಸ್ತೆ ಮೇಲೆ, ಮನೆ ಕೆಳಗೆ, ನಡುವೆ ತೋಟ. ಬೇಸಿಗೆಯಲ್ಲಿ ಕಾರು ಅಂಗಳದವರೆಗೆ ಬರುತ್ತದೆ. ಮಳೆ ಹಿಡಿದ ಮೇಲೆ ಇಳಿಸಿದರೆ ಮತ್ತೆ ಹತ್ತಿಸಲು ಟ್ರ್ಯಾಕ್ಟರ್ ಕರೆಯಬೇಕು. ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾರು ಮೇಲೆಯೇ, ರಸ್ತೆ ಪಕ್ಕದ ನಮ್ಮದೇ ಜಾಗದಲ್ಲಿ ನಿಲ್ಲಬೇಕು. ಶೆಡ್ ಇಲ್ಲ. ಮೀಟರ್‌ನಿಂದ ಅಲ್ಲಿಗೆ ಟೇಪ್ ಹಿಡಿದು ಅಳೆದೆ. 45 ಮೀಟರ್.

ಮೊದಲ ವಾರ ಅಂಗಳದಲ್ಲಿ ನಿಲ್ಲಿಸಿ, ಮನೆಯಲ್ಲಿದ್ದ ಎಕ್ಸ್‌ಟೆನ್ಷನ್ ಡ್ರಮ್ಮಿನಿಂದ ಚಾರ್ಜ್ ಮಾಡಿದೆ. ಮೂರನೇ ರಾತ್ರಿ ಸುಟ್ಟ ವಾಸನೆ. ಹೋಗಿ ನೋಡಿದರೆ ಪ್ಲಗ್ಗಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿದೆ, ಡ್ರಮ್ ಮುಟ್ಟಲಾಗದಷ್ಟು ಬಿಸಿ. ಅವತ್ತೇ ನಿಲ್ಲಿಸಿದೆ. ಈಗ ಪೇಟೆಯಲ್ಲಿರುವ ತಂಗಿ ಮನೆಗೆ ಹೋಗಿ, ಕಾರು ಚಾರ್ಜ್‌ಗೆ ಹಾಕಿ, ಕಾಫಿ ಕುಡಿದು ಬರುತ್ತಿದ್ದೇನೆ. ಭಾವ ಇನ್ನೂ ಏನೂ ಅಂದಿಲ್ಲ. ಆದರೆ ಮೀಟರ್ ಕಡೆ ನೋಡುವುದು ಜಾಸ್ತಿಯಾಗಿದೆ.

ಮಳೆಗೆ ಇನ್ನು ಮೂರೇ ವಾರ. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಚಾರ್ಜರ್ ಕೊಳ್ಳಲೇಬೇಕಾ? ನಮ್ಮ ಮಳೆಯಲ್ಲಿ ಬಯಲಲ್ಲಿ ಚಾರ್ಜ್ ಮಾಡಬಹುದಾ? ಗೃಹಜ್ಯೋತಿ ಕಥೆ ಏನಾಗುತ್ತದೆ? ಮಾಡಿ ನೋಡಿದವರು ಹೇಳಿ.

ವಯರ್‌ಮನ್
ಪ್ಲಗ್ ಮಾತ್ರ ಹೋಯಿತಲ್ಲ, ಪುಣ್ಯ. ಡ್ರಮ್ಮಿನ ವಯರ್ ಪೂರ್ತಿ ಬಿಚ್ಚಿದ್ದಿರಾ?

ತೋಟದಮನೆ
50 ಮೀಟರ್ ಡ್ರಮ್ಮು. ಹತ್ತು ಮೀಟರ್ ಬಿಚ್ಚಿದ್ದೆ. ಉಳಿದದ್ದು ಸುತ್ತಿಯೇ ಇತ್ತು.

ವಯರ್‌ಮನ್
ಅಂದುಕೊಂಡೆ. ಆ ಡ್ರಮ್ಮುಗಳಲ್ಲಿ ಸಾಮಾನ್ಯವಾಗಿ 1.5 ಸ್ಕ್ವೇರ್ (ಅಂದರೆ ಚದರ ಮಿಲಿಮೀಟರ್, ವಯರಿನ ದಪ್ಪದ ಲೆಕ್ಕ) ವಯರ್ ಇರುತ್ತದೆ. 50 ಮೀಟರ್‌ಗೆ ಹೋಗುವ ದಾರಿ, ಬರುವ ದಾರಿ ಸೇರಿ ಸುಮಾರು 1.2 ಓಮ್. ಚಾರ್ಜರ್ 14 ಆಂಪ್ಸ್ ಎಳೆದರೆ ಇಡೀ ವಯರಿನಲ್ಲಿ 230 ವ್ಯಾಟ್‌ಗಿಂತ ಜಾಸ್ತಿ ಬಿಸಿ, ಅದರಲ್ಲಿ ಹೆಚ್ಚಿನ ಪಾಲು ಸುತ್ತಿದ ಡ್ರಮ್ಮಿನಲ್ಲೇ ಉಳಿಯುತ್ತದೆ. ಹಳೆಯ ನೂರು ಕ್ಯಾಂಡಲ್ ಬಲ್ಬು ಎರಡನ್ನು ಕಂಬಳಿ ಸುತ್ತಿ ಉರಿಸಿದ ಹಾಗೆ.

ಎಲ್ಲರೂ ಕೇಳುತ್ತಾರೆ, ಗೀಸರ್ ಕೂಡ ಅದೇ ದೊಡ್ಡ ಪ್ಲಗ್‌ನಲ್ಲಿ ಓಡುತ್ತದಲ್ಲ ಅಂತ. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು ಏಳೆಂಟು ಗಂಟೆ ಒಂದೇ ಸಮ ಎಳೆಯುತ್ತದೆ. ಸಾಕೆಟ್ ಒಳಗಿನ ಸ್ಪ್ರಿಂಗ್ ಸ್ವಲ್ಪ ಸಡಿಲವಿದ್ದರೂ ಸಾಕು, ಅಲ್ಲಿಂದಲೇ ಕರಗಲು ಶುರು.

ಪೆಟ್ರೋಲ್‌ಪ್ರೇಮಿ
ಇಷ್ಟೆಲ್ಲ ಯಾಕೆ ಸ್ವಾಮಿ? ಬಂಕಿಗೆ ಹೋದರೆ ಐದು ನಿಮಿಷ.

ತೋಟದಮನೆ
ಬಂಕ್ ನಮ್ಮ ಮನೆಯಿಂದ 18 ಕಿ.ಮೀ.

ಪೆಟ್ರೋಲ್‌ಪ್ರೇಮಿ
ಸರಿ, ಒಪ್ಪಿದೆ. ಮುಂದುವರಿಸಿ.

ಲೆಕ್ಕದಬುಕ್ಕು
7.2 ಕಿಲೋವ್ಯಾಟ್ ನಿಮಗೆ ಬೇಡವೇ ಬೇಡ. ಅದು 32 ಆಂಪ್ಸ್ ಎಳೆಯುತ್ತದೆ, ಹಳ್ಳಿ ಮನೆಯ ಸಿಂಗಲ್ ಫೇಸ್ ಲೈನ್‌ಗೆ ದೊಡ್ಡ ಹೊರೆ. ಅಲ್ಲದೆ ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟ್‌ದಾದರೆ ಗೋಡೆಗೆ ಎಷ್ಟು ದೊಡ್ಡ ಪೆಟ್ಟಿಗೆ ಹಾಕಿದರೂ ಕಾರು ಎಳೆಯುವುದು ಅಷ್ಟೇ.

ದಿನಕ್ಕೆ 40 ಕಿ.ಮೀ. ಅಂದರೆ ಐದಾರು ಯೂನಿಟ್. ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ 3 ಕಿಲೋವ್ಯಾಟ್ ಕೊಟ್ಟರೆ ಎರಡು ಗಂಟೆ. 10 ಆಂಪ್ಸ್‌ಗೆ ಇಳಿಸುವ ಸೌಲಭ್ಯ ಇದ್ದರೆ ಮೂರು ಗಂಟೆ. ಕಾರು ರಾತ್ರಿಯಿಡೀ ಸುಮ್ನೆ ನಿಂತಿರುತ್ತದೆ. ಅವಸರ ಯಾರಿಗೆ?

ಜಯನಗರವಾಸಿ
ಒಂದು ಯೂನಿಟ್‌ಗೆ 10 ಕಿ.ಮೀ. ಬರುತ್ತದೆ, ನಾನು ಓಡಿಸುತ್ತಿದ್ದೇನೆ. ನಾಲ್ಕೇ ಯೂನಿಟ್ ಸಾಕು.

ಲೆಕ್ಕದಬುಕ್ಕು
ಜಯನಗರದಲ್ಲಿ 25ರ ಸ್ಪೀಡಿನಲ್ಲಿ ಹೋದರೆ ಬರಬಹುದು. ಘಾಟಿ ಏರುವವರಿಗೆ 7 ಅಂತ ಇಟ್ಟುಕೊಳ್ಳಿ. ಅದರ ಮೇಲೆ ಚಾರ್ಜ್ ಮಾಡುವಾಗ ಮೀಟರ್‌ಗೂ ಬ್ಯಾಟರಿಗೂ ನಡುವೆ ಹತ್ತು ಪರ್ಸೆಂಟ್ ಸೋರಿ ಹೋಗುತ್ತದೆ. ಕಾರಿನ ಪರದೆ ತೋರಿಸುವ ಯೂನಿಟ್ ಬೇರೆ, ಬಿಲ್ಲಿನ ಯೂನಿಟ್ ಬೇರೆ.

ಕರಾವಳಿಕಾರ
ಮಳೆ ವಿಚಾರಕ್ಕೆ ಬರೋಣ. ನಾನು ಪುತ್ತೂರಿನವನು, ಮೂರು ಮಳೆಗಾಲ ಬಯಲಲ್ಲೇ ಚಾರ್ಜ್ ಮಾಡಿದ್ದೇನೆ. ಜನ ಹೆದರುವುದು ತಪ್ಪು ಜಾಗಕ್ಕೆ. ಕಾರಿಗೆ ಚುಚ್ಚುವ ಗನ್ ಮಳೆಗೆಂದೇ ಮಾಡಿದ್ದು. ಗನ್ ಸರಿಯಾಗಿ ಕೂತು, ಕಾರು ಮತ್ತು ಚಾರ್ಜರ್ ಒಂದಕ್ಕೊಂದು ಸಿಗ್ನಲ್ ಕೊಟ್ಟು ಒಪ್ಪಿಕೊಂಡ ಮೇಲೆಯೇ ಕರೆಂಟ್ ಹರಿಯುತ್ತದೆ. ಗಾಡಿ ಕಡೆ ತಲೆ ಬಿಸಿ ಬೇಡ.

ಅಪಾಯ ಇರುವುದು ಇನ್ನೊಂದು ತುದಿಯಲ್ಲಿ. ಮೂರು ಪಿನ್ನಿನ ಪ್ಲಗ್ ಸಾಕೆಟ್ಟಿಗೆ ಹೋಗುವ ಜಾಗ. ಅಲ್ಲಿ ಯಾವ ಸಿಗ್ನಲ್ಲೂ ಇಲ್ಲ, ಸ್ವಿಚ್ ಹಾಕಿದರೆ 230 ವೋಲ್ಟ್ ಅಲ್ಲೇ ಕಾಯುತ್ತಿರುತ್ತದೆ. ಮುಚ್ಚಳ ಇರುವ ಐಪಿ65 (ದೂಳು, ನೀರು ಒಳಹೋಗದ) ಪೆಟ್ಟಿಗೆ ಹಾಕಿ, ಅದರೊಳಗೆ ಸಾಕೆಟ್. ವಯರ್ ಪೆಟ್ಟಿಗೆಗೆ ಕೆಳಗಿನಿಂದಲೇ ಒಳಹೋಗಬೇಕು. ಮೇಲಿನಿಂದ ತೂತು ಕೊರೆದರೆ ನೀರು ವಯರ್ ಹಿಡಿದುಕೊಂಡು ಸೀದಾ ಒಳಗೆ ಇಳಿಯುತ್ತದೆ. ನಾನು ಮೊದಲ ವರ್ಷ ಮೇಲಿನಿಂದಲೇ ಕೊರೆದಿದ್ದೆ!

ಇನ್ನೊಂದು ಮಾತು. ಪೋರ್ಟಬಲ್ ಚಾರ್ಜರ್‌ನ ಆ ಇಟ್ಟಿಗೆಯಂಥ ಡಬ್ಬಿ ಇದೆಯಲ್ಲ, ಅದನ್ನು ಪ್ಲಗ್ಗಿನಿಂದ ನೇತಾಡಲು ಬಿಡಬೇಡಿ. ಆ ಭಾರಕ್ಕೆ ಪ್ಲಗ್ ಓರೆಯಾಗಿ ಬಿಸಿಯಾಗುತ್ತದೆ. ಒಂದು ಕೊಕ್ಕೆ ಹೊಡೆದು ತೂಗುಹಾಕಿ.

ಅಡಿಕೆಮಂಡಿ
ನಮ್ಮಲ್ಲಿ ಒಬ್ಬರು ಸಾಕೆಟ್ಟಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಮೇಲೆ ಬಕೆಟ್ ಬೋರಲು ಹಾಕಿದ್ದಾರೆ. ಎರಡು ವರ್ಷದಿಂದ ಏನೂ ಆಗಿಲ್ಲ.

ವಯರ್‌ಮನ್
ಏನೂ ಆಗಿಲ್ಲ ಅನ್ನುವುದು ಆಗುವ ಹಿಂದಿನ ದಿನದವರೆಗೂ ನಿಜ.

ಅಡಿಕೆಮಂಡಿ
45 ಮೀಟರ್ ನೆಲ ಅಗೆಯುವುದು ಯಾಕೆ? ಅಡಿಕೆ ಮರದಿಂದ ಮರಕ್ಕೆ ವಯರ್ ಕಟ್ಟಿಕೊಂಡು ಹೋದರೆ ಅರ್ಧ ದಿನದ ಕೆಲಸ.

ಗುಡ್ಡದಮೇಲೆ
ದಯವಿಟ್ಟು ಬೇಡ. ಅಡಿಕೆ ಕೊನೆ ತೆಗೆಯಲು ಈಗ ಎಲ್ಲರ ಕೈಯಲ್ಲೂ ಅಲ್ಯೂಮಿನಿಯಂ ದೋಟಿ. ಕರೆಂಟ್ ತಂತಿಗೆ ದೋಟಿ ತಾಗಿ ಜನ ಸತ್ತ ಸುದ್ದಿ ನಮ್ಮ ಕಡೆ ಆಗಾಗ ಓದುತ್ತೇವೆ. ತೋಟದೊಳಗೆ ನೀವೇ ಇನ್ನೊಂದು ತಂತಿ ಎಳೆದು ಇಡುವುದಾ? ಕೊನೆಗಾರನಿಗೆ ಅದು ಕಾಣುವುದೂ ಇಲ್ಲ. ಗಾಳಿಗೆ ಒಂದು ಸೋಗೆ ಬಿದ್ದರೂ ವಯರ್ ಹರಿಯುತ್ತದೆ.

ವಯರ್‌ಮನ್
ನೂರಕ್ಕೆ ನೂರು. ಎಳೆಯುವುದಾದರೆ ನೆಲದೊಳಗೆ ಆರ್ಮರ್ಡ್ ಕೇಬಲ್, ಅಂದರೆ ಲೋಹದ ಕವಚ ಇರುವುದು. ಎರಡೂವರೆ ಅಡಿ ಚರಂಡಿ, ಕೆಳಗೆ ಮರಳು, ಮೇಲೆ ಒಂದು ಸಾಲು ಇಟ್ಟಿಗೆ. ಆಮೇಲೆ ಯಾರೋ ಪಿಕಾಸಿ ಹಾಕಿದರೆ ಮೊದಲು ಇಟ್ಟಿಗೆ ಸಿಗುತ್ತದೆ, ಹುಷಾರಾಗುತ್ತಾರೆ.

ತಾಮ್ರ ದುಬಾರಿ ಅನ್ನಿಸಿದರೆ 10 ಸ್ಕ್ವೇರ್ ಅಲ್ಯೂಮಿನಿಯಂ ಹಾಕಿ. ಅದರ ತಡೆ 6 ಸ್ಕ್ವೇರ್ ತಾಮ್ರದಷ್ಟೇ. 45 ಮೀಟರ್‌ಗೆ 14 ಆಂಪ್ಸ್‌ನಲ್ಲಿ ನಾಲ್ಕು ವೋಲ್ಟ್ ಕಳೆಯುತ್ತದೆ, ತೊಂದರೆ ಇಲ್ಲ. ಆದರೆ ಎರಡೂ ತುದಿಗೆ ಸರಿಯಾದ ಲಗ್ (ತುದಿಗೆ ಹಾಕುವ ಲೋಹದ ಟೋಪಿ) ಹಾಕಿ ಒತ್ತಿಸಬೇಕು. ಅಲ್ಯೂಮಿನಿಯಂ ತುದಿಯನ್ನು ಹಾಗೆಯೇ ಎಂಸಿಬಿಗೆ (ಹೊರೆ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ತುರುಕಿದರೆ ವರ್ಷದೊಳಗೆ ಸಡಿಲಾಗಿ ಕಪ್ಪಾಗುತ್ತದೆ.

ಬಿಸಿಲೂರು
ರಾಯಚೂರಿನಿಂದ. ನಿಮಗೆ ಮಳೆ, ನಮಗೆ ಬಿಸಿಲು. ಕಾಂಪೌಂಡ್ ಗೋಡೆಗೆ ಕಬ್ಬಿಣದ ಪೆಟ್ಟಿಗೆ ಹಾಕಿಸಿದ್ದೆ, ಒಳಗೆ 16 ಆಂಪ್ಸ್ ಎಂಸಿಬಿ. ಏಪ್ರಿಲ್‌ನಲ್ಲಿ ದಿನಾ ಅರ್ಧಕ್ಕೇ ಟ್ರಿಪ್. ಎರಡು ಸಲ ಚಾರ್ಜರ್ ಬದಲಾಯಿಸಿದೆ, ಪ್ರಯೋಜನವಿಲ್ಲ. ಕೊನೆಗೆ ಒಬ್ಬ ಹುಡುಗ ಬಂದು ಪೆಟ್ಟಿಗೆ ಮುಟ್ಟಿ ನೋಡಿ ನಕ್ಕ. ಮನೆಗೆ ಹಾಕುವ ಎಂಸಿಬಿಯನ್ನು 30 ಡಿಗ್ರಿಗೆ ಲೆಕ್ಕ ಹಾಕಿ ಮಾಡಿರುತ್ತಾರಂತೆ. ಬಿಸಿಲಲ್ಲಿ ಕಾದ ಪೆಟ್ಟಿಗೆಯೊಳಗೆ ಅದು 15 ಆಂಪ್ಸ್‌ಗೂ ಬೀಳುತ್ತದೆ. ವಯರ್ 4 ಸ್ಕ್ವೇರ್ ಇತ್ತು, ಹಾಗಾಗಿ 20ರ ಎಂಸಿಬಿ ಹಾಕಿ, ಪೆಟ್ಟಿಗೆಯನ್ನು ಉತ್ತರದ ಗೋಡೆಗೆ ಸರಿಸಿದ. ಮುಗೀತು ಕಥೆ.

ಹೊಸಬ_22
ಆರ್‌ಸಿಸಿಬಿ ಹಾಕಿದ ಮೇಲೆ ಎಂಸಿಬಿ ಬೇಕಿಲ್ಲ ಅಂತ ನಮ್ಮ ಎಲೆಕ್ಟ್ರಿಷಿಯನ್ ಹೇಳಿದರು. ನಿಜವಾ?

ವಯರ್‌ಮನ್
ಸುಳ್ಳು. ಆರ್‌ಸಿಸಿಬಿ ನೋಡುವುದು ಸೋರಿಕೆ ಮಾತ್ರ. ಹೋದ ಕರೆಂಟು ಪೂರ್ತಿ ವಾಪಸ್ ಬರುತ್ತಿದೆಯಾ ಇಲ್ಲವಾ ಅಂತ. ಓವರ್‌ಲೋಡ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡೂ ಬೇಕು. ಎರಡನ್ನೂ ಸೇರಿಸಿದ ಆರ್‌ಸಿಬಿಒ ಕೂಡ ಬರುತ್ತದೆ.

ಕೊಳ್ಳುವಾಗ 30 ಮಿಲಿಆಂಪ್ಸ್ ಅಂತ ಮಾತ್ರ ಕೇಳಬೇಡಿ, ಟೈಪ್ ಎ ಅಂತ ಕೇಳಿ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಟೈಪ್ ಎಸಿ. ಕಾರಿನ ಚಾರ್ಜರ್‌ನಿಂದ ಬರುವ ಕೆಲವು ಬಗೆಯ ಸೋರಿಕೆ ಅದಕ್ಕೆ ಕಾಣುವುದಿಲ್ಲ.

ತೋಟದಮನೆ
ಎಲ್ಲರಿಗೂ ಥ್ಯಾಂಕ್ಸ್. ಒಂದು ಹೇಳುವುದು ಮರೆತಿದ್ದೆ. ಮನೆಯ ದೊಡ್ಡ ಪ್ಲಗ್‌ಗೆ ನೇರವಾಗಿ ಹಾಕಿದಾಗಲೂ ಕೆಲವು ಸಲ ಚಾರ್ಜರ್‌ನಲ್ಲಿ ಕೆಂಪು ದೀಪ ಮಿಣುಕುತ್ತದೆ, ಚಾರ್ಜ್ ಶುರುವೇ ಆಗುವುದಿಲ್ಲ. ತಂಗಿ ಮನೆಯಲ್ಲಿ ಆ ಸಮಸ್ಯೆ ಇಲ್ಲ.

ಕರಾವಳಿಕಾರ
ಅರ್ತಿಂಗ್. ಪುಸ್ತಕ ತೆಗೆದು ಆ ದೀಪದ ಅರ್ಥ ನೋಡಿ, ಬಾಜಿ ಕಟ್ಟುತ್ತೇನೆ.

ತೋಟದಮನೆ
ನೋಡಿದೆ. ಅದೇ ಬರೆದಿದೆ.

ಅಡಿಕೆಮಂಡಿ
ಅದಕ್ಕೆ ಸುಲಭ ಉಪಾಯ ಇದೆ. ಸಾಕೆಟ್ ಬಿಚ್ಚಿ, ನ್ಯೂಟ್ರಲ್ ಪಿನ್ನಿನಿಂದ ಅರ್ತ್ ಪಿನ್ನಿಗೆ ಒಂದು ಚೂರು ವಯರ್ ಕೊಟ್ಟುಬಿಡಿ. ದೀಪ ಹಸಿರಾಗುತ್ತದೆ. ನಮ್ಮೂರಲ್ಲಿ ಮೂರು ಗಾಡಿ ಹೀಗೇ ಓಡುತ್ತಿವೆ.

ವಯರ್‌ಮನ್
ಇದನ್ನು ಓದಿದ ಯಾರೂ ಮಾಡಬೇಡಿ. ಯಾರೂ.

ಯಾಕೆ ಅಂತಲೂ ಹೇಳುತ್ತೇನೆ. ಕಾರಿನ ಬಾಡಿ ಅರ್ತ್ ಪಿನ್ನಿಗೆ ಸೇರಿರುತ್ತದೆ. ನೀವು ಅರ್ತನ್ನು ನ್ಯೂಟ್ರಲ್‌ಗೆ ಕಟ್ಟಿದರೆ ಕಾರಿನ ಬಾಡಿಯೂ ನ್ಯೂಟ್ರಲ್‌ಗೆ ಸೇರಿತು. ಮೀಟರ್ ಹತ್ತಿರವೋ ಕಂಬದಲ್ಲೋ ನ್ಯೂಟ್ರಲ್ ಕಡಿದರೆ, ಮನೆಯಲ್ಲಿ ಉರಿಯುತ್ತಿರುವ ಬಲ್ಬಿನ ಮೂಲಕ ಫೇಸ್ ವಾಪಸ್ ಬಂದು ಕಾರಿನ ಮೈಮೇಲೆ ಕೂರುತ್ತದೆ. ಟೈರ್ ರಬ್ಬರ್, ಹಾಗಾಗಿ ಕಾರಿಗೆ ಏನೂ ಆಗದು. ಒದ್ದೆ ನೆಲದಲ್ಲಿ ಚಪ್ಪಲಿ ಇಲ್ಲದೆ ನಿಂತು ಬಾಗಿಲ ಹಿಡಿಕೆ ಹಿಡಿದವರ ಗತಿ ಏನು? ಮಳೆಗಾಲದಲ್ಲಿ ನಮ್ಮ ಕಡೆ ನ್ಯೂಟ್ರಲ್ ಕಡಿಯಲು ಒಂದು ಮರದ ಕೊಂಬೆ ಸಾಕು.

ಚಾರ್ಜರ್ ಕೆಂಪು ದೀಪ ಹಾಕಿದ್ದು ನಿಮಗೆ ತೊಂದರೆ ಕೊಡಲು ಅಲ್ಲ. ಅದರ ಕಣ್ಣಿಗೆ ಬಟ್ಟೆ ಕಟ್ಟಿದರೆ ಏನು ಸಿಕ್ಕಿತು?

ಅಡಿಕೆಮಂಡಿ
ಇಷ್ಟು ದಿನ ಏನೂ ಆಗಿಲ್ಲ ಅಂತ ಹೇಳಿದೆ ಅಷ್ಟೇ. ಸರಿ, ಊರವರಿಗೂ ಹೇಳುತ್ತೇನೆ.

ಲೀಡ್ಸ್‌ನಿಂದ
ಇದೇ ವಿಷಯ ಇಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ನಿಯಮವೇ ಆಗಿದೆ. ಇಲ್ಲಿನ ಬಹಳ ಮನೆಗಳಿಗೆ ಕಂಪನಿಯವರೇ ನ್ಯೂಟ್ರಲ್ ಮತ್ತು ಅರ್ತ್ ಎರಡನ್ನೂ ಒಂದೇ ತಂತಿಯಲ್ಲಿ ಕೊಡುತ್ತಾರೆ. ಮನೆಯೊಳಗೆ ಅದು ನಡೆಯುತ್ತದೆ. ಆದರೆ ಕಾರು ಹೊರಗೆ ನಿಂತಿದ್ದರೆ ಆ ಅರ್ತನ್ನು ಹಾಗೇ ಕೊಡುವಂತಿಲ್ಲ. ಒಂದೋ ಆ ತಂತಿ ಕಡಿದದ್ದನ್ನು ಕಂಡುಹಿಡಿದು ತಾನೇ ಕಳಚಿಕೊಳ್ಳುವ ಚಾರ್ಜರ್ ಬೇಕು, ಇಲ್ಲ ಪ್ರತ್ಯೇಕ ಅರ್ತ್ ಸಲಾಕೆ ಹುಗಿಯಬೇಕು. ನನ್ನ ಚಾರ್ಜರ್ ಹಾಕಿದವನು ಕಾಫಿಯನ್ನೂ ಕುಡಿಯದೆ ಒಂದು ಗಂಟೆ ಇದನ್ನೇ ಪರೀಕ್ಷೆ ಮಾಡಿದ.

ನನಗೂ ಮನೆ ಮುಂದೆ ರಸ್ತೆಯಲ್ಲೇ ಪಾರ್ಕಿಂಗ್ ಇದ್ದದ್ದು. ಫುಟ್‌ಪಾತ್ ಮೇಲೆ ಕೇಬಲ್ ಹಾಸಿದರೆ ಯಾರಾದರೂ ಎಡವುತ್ತಾರೆ. ಕೆಲವು ಊರುಗಳಲ್ಲಿ ಕೌನ್ಸಿಲ್‌ನವರು ಫುಟ್‌ಪಾತ್‌ನಲ್ಲಿ ಕೇಬಲ್ ಕೂರಿಸಲು ಸಣ್ಣ ಕಾಲುವೆ ಕೊರೆಯಲು ಬಿಡುತ್ತಾರೆ. ನಾನು ಅಷ್ಟು ಕಾಯಲಾರದೆ ಮುಂದಿನ ತೋಟವನ್ನೇ ಪಾರ್ಕಿಂಗ್ ಮಾಡಿಸಿದೆ. ಗುಲಾಬಿ ಗಿಡ ಹೋಯಿತು ಅಂತ ಹೆಂಡತಿ ಇನ್ನೂ ಮಾತಾಡುತ್ತಾಳೆ.

ಜಯನಗರವಾಸಿ
ಫುಟ್‌ಪಾತ್ ಇದ್ದರೆ ತಾನೇ ಎಡವುವುದು. ಬೆಂಗಳೂರಿಗೆ ಬನ್ನಿ.

ಬಾಡಿಗೆಮನೆ
ನನ್ನ ಕಥೆ ಕೇಳಿ. ಬಾಡಿಗೆ ಮನೆ, ಗೇಟಿನ ಹೊರಗೆ ಪಾರ್ಕಿಂಗ್. ಮಾಲೀಕರಿಗೆ ನನ್ನದೇ ಖರ್ಚಲ್ಲಿ ಲೈನ್ ಎಳೆಸುತ್ತೇನೆ, ಬಿಡುವಾಗ ಹಾಗೇ ಬಿಟ್ಟು ಹೋಗುತ್ತೇನೆ ಅಂದೆ. ಬ್ಯಾಟರಿ ಸಿಡಿದರೆ ಮನೆ ಯಾರದ್ದು ಅಂತ ಕೇಳಿದರು. ನಾಲ್ಕು ತಿಂಗಳು ಕಚೇರಿಯಲ್ಲೇ ಚಾರ್ಜ್ ಮಾಡಿದೆ. ಆಮೇಲೆ ಅವರ ಮಗ ಎಲೆಕ್ಟ್ರಿಕ್ ಸ್ಕೂಟರ್ ತಂದ. ಮಾರನೇ ದಿನವೇ ಲೈನ್ ಬಂತು, ನನ್ನ ಖರ್ಚಲ್ಲೇ.

ಗುಡ್ಡದಮೇಲೆ
ತೋಟದಮನೆಯವರೇ, ಅರ್ತಿಂಗ್‌ಗೆ ವಾಪಸ್ ಬರುತ್ತೇನೆ. ಗುಡ್ಡದ ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು. ಮಳೆಗಾಲದಲ್ಲಿ ಅರ್ತ್ ಚೆನ್ನಾಗಿರುತ್ತದೆ, ಮಾರ್ಚ್ ಬಂದರೆ ಮಣ್ಣು ಒಣಗಿ ಸತ್ತೇ ಹೋಗುತ್ತದೆ. ನಿಮಗೆ ಈಗ ಮೇ ತಿಂಗಳಲ್ಲಿ ಕೆಂಪು ದೀಪ ಬರುತ್ತಿರುವುದು ಅದಕ್ಕೇ ಇರಬಹುದು. ಅರ್ತ್ ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಒಂದು ಗಂಟೆ ಬಿಟ್ಟು ನೋಡಿ.

ತೋಟದಮನೆ
ಗುಂಡಿ ಎಲ್ಲಿದೆ ಅಂತ ಅಪ್ಪನಿಗೇ ನೆನಪಿಲ್ಲ. ಹುಡುಕಿದೆವು. ಬಚ್ಚಲು ಮನೆ ಹಿಂದೆ, ಕಟ್ಟಿಗೆ ರಾಶಿಯ ಅಡಿಯಲ್ಲಿ ಸಿಕ್ಕಿತು. ಪೈಪು ತುಕ್ಕು ಹಿಡಿದು, ತಂತಿ ಅದಕ್ಕೆ ಸುಮ್ನೆ ಸುತ್ತಿದ್ದಾರೆ ಅಷ್ಟೇ. ನೀರು ಸುರಿದೆ. ದೀಪ ಹಸಿರಾಯಿತು! ಮಾರನೇ ದಿನ ಮಧ್ಯಾಹ್ನ ಮತ್ತೆ ಕೆಂಪು.

ಗುಡ್ಡದಮೇಲೆ
ರೋಗ ಗೊತ್ತಾಯಿತಲ್ಲ. ಹೊಸ ಗುಂಡಿ ತೆಗೆಸಿ. ಉಪ್ಪು, ಇದ್ದಲು ಹಾಕುವ ಹಳೆ ಪದ್ಧತಿಯೂ ನಡೆಯುತ್ತದೆ, ಆದರೆ ಉಪ್ಪು ಪೈಪನ್ನೇ ತಿನ್ನುತ್ತದೆ. ಬೆಂಟೊನೈಟ್ ಪುಡಿಯಂಥದ್ದು ಹಾಕಿದರೆ ತೇವ ಹಿಡಿದಿಡುತ್ತದೆ. ಕಾರಿನ ಹತ್ತಿರವೇ ಹೊಡೆಸಿ, 45 ಮೀಟರ್ ದೂರದ ಬಚ್ಚಲಿನ ಹಿಂದೆ ಅಲ್ಲ.

ಲೆಕ್ಕದಬುಕ್ಕು
ಗೃಹಜ್ಯೋತಿ ಬಗ್ಗೆ ಯಾರೂ ಉತ್ತರಿಸಿಲ್ಲ. ತಿಂಗಳಿಗೆ ಈಗ ಎಷ್ಟು ಯೂನಿಟ್ ಬರುತ್ತದೆ?

ತೋಟದಮನೆ
90ರ ಆಸುಪಾಸು. ಬಿಲ್ ಸೊನ್ನೆ.

ಹೊಸಬ_22
200ರವರೆಗೆ ಫ್ರೀ ಅಲ್ವಾ? ಇನ್ನೂ 110 ಯೂನಿಟ್ ಕಾರಿಗೆ ಹಾಕಬಹುದು. ಮಜಾ!

ಲೆಕ್ಕದಬುಕ್ಕು
ಇಲ್ಲ, ಎಲ್ಲರೂ ಎಡವುವುದು ಇಲ್ಲೇ. 200 ಅನ್ನುವುದು ಮೇಲಿನ ಗೆರೆ. ನಿಮಗೆ ಫ್ರೀ ಇರುವುದು 2022-23ರ ನಿಮ್ಮ ಸರಾಸರಿಯ ಮೇಲೆ ಸ್ವಲ್ಪ ಮಾತ್ರ. 2023ರಲ್ಲಿ ಯೋಜನೆ ಶುರುವಾದಾಗ ಸರಾಸರಿಗೆ 10 ಪರ್ಸೆಂಟ್ ಸೇರಿಸುತ್ತಿದ್ದರು, ಆಮೇಲೆ ಕಡಿಮೆ ಬಳಸುವವರಿಗೆ ಅದನ್ನು 10 ಯೂನಿಟ್ ಅಂತ ಮಾಡಿದರು. ಅದನ್ನು ದಾಟಿ 200ರೊಳಗೆ ಇದ್ದರೆ ದಾಟಿದ್ದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಇವರದ್ದು ತಿಂಗಳಿಗೆ 26 ದಿನ ಹಿಡಿದರೆ 1,040 ಕಿ.ಮೀ. ಸೋರಿಕೆ ಸೇರಿ 165 ಯೂನಿಟ್. 90ಕ್ಕೆ 165 ಸೇರಿದರೆ 255. ಗೆರೆ ದಾಟಿತು. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 1,500, ಮೇಲೆ ಫಿಕ್ಸೆಡ್ ಚಾರ್ಜು. ಆದರೂ ಅಳಬೇಡಿ. ಅಷ್ಟೇ ದೂರಕ್ಕೆ ಲೀಟರ್‌ಗೆ 18 ಕೊಡುವ ಪೆಟ್ರೋಲ್ ಗಾಡಿ 58 ಲೀಟರ್ ಕುಡಿಯುತ್ತದೆ. ಲೀಟರ್ ನೂರರ ಮೇಲೆ. ನೀವೇ ಗುಣಿಸಿ.

ಪೆಟ್ರೋಲ್‌ಪ್ರೇಮಿ
ನಾನು ಗುಣಿಸುವುದಿಲ್ಲ.

ಸೂರ್ಯಮುಖಿ
ಸೋಲಾರ್ ಹಾಕಿಸಿ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಬಿಲ್ಲೂ ಇಲ್ಲ, ಕರೆಂಟ್ ಹೋದರೂ ಚಿಂತೆ ಇಲ್ಲ.

ಕರಾವಳಿಕಾರ
ಮೊದಲ ಮಾತು ಸರಿ, ಎರಡನೆಯದು ತಪ್ಪು. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಕಟ್ಟಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲವಾದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್. ಮತ್ತೆ ಜುಲೈನಲ್ಲಿ ಅವರ ಮನೆ ಮೇಲೆ ಸೂರ್ಯನನ್ನು ನೀವೇ ಹುಡುಕಿ ಕೊಡಿ.

ಗುಡ್ಡದಮೇಲೆ
ವೋಲ್ಟೇಜ್ ಎಷ್ಟು ಬರುತ್ತದೆ ನಿಮ್ಮಲ್ಲಿ? ನಮ್ಮಲ್ಲಿ ಸುಗ್ಗಿಯಲ್ಲಿ ಸಂಜೆ ಎಲ್ಲರೂ ಅಡಿಕೆ ಸುಲಿಯುವ ಮಷೀನ್ ಹಾಕಿದರೆ 180ಕ್ಕೆ ಇಳಿಯುತ್ತದೆ. ಚಾರ್ಜರ್ ಮುನಿಸಿಕೊಂಡು ಕೂರುತ್ತದೆ. ರಾತ್ರಿ 11ರ ಮೇಲೆ 220. ನಾನು ಕಾರಿನಲ್ಲೇ ಟೈಮರ್ ಇಟ್ಟಿದ್ದೇನೆ, 11:30ಕ್ಕೆ ತಾನೇ ಶುರು.

ವಯರ್‌ಮನ್
ನನಗೊಂದು ಪ್ರಶ್ನೆ. ಎಲ್ಲರೂ 45 ಮೀಟರ್ ಕೇಬಲ್ ಬಗ್ಗೆ ಮಾತಾಡುತ್ತಿದ್ದೇವೆ. ನಿಮ್ಮ ಮನೆಗೆ ಸರ್ವಿಸ್ ಲೈನ್ ಬರುವ ಕಂಬ ಎಲ್ಲಿದೆ?

ತೋಟದಮನೆ
ರಸ್ತೆಯಲ್ಲಿ. ಕಾರು ನಿಲ್ಲಿಸುವ ಜಾಗದಿಂದ ಆರು ಮೀಟರ್ ಇರಬಹುದು.

ವಯರ್‌ಮನ್
...

ಕರಾವಳಿಕಾರ
ಅಯ್ಯೋ ದೇವರೇ. ಇದನ್ನು ಮೊದಲೇ ಹೇಳಬಾರದಾ!

ಲೆಕ್ಕದಬುಕ್ಕು
ಕರೆಂಟು ಕಂಬದಿಂದ ಇಳಿದು ಮನೆಗೆ ಹೋಗಿ, ಮತ್ತೆ ಹತ್ತಿ ಕಂಬದ ಬುಡಕ್ಕೇ ಬರಬೇಕಿತ್ತು. ಮದುವೆ ದಿಬ್ಬಣ ಊರು ಸುತ್ತಿ ಬಂದ ಹಾಗೆ.

ವಯರ್‌ಮನ್
ಮೇಲೆ ಪ್ರತ್ಯೇಕ ಮೀಟರ್ ಕೇಳಿ. ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಬಂದಿದೆ. ವಾಹನ ಚಾರ್ಜಿಂಗ್‌ಗೆ ಬೇಕಾದರೆ ಬೇರೆಯೇ ಸಂಪರ್ಕ ಪಡೆಯಬಹುದು. ಹೊಸ ಸಂಪರ್ಕಕ್ಕೆ ಹಳ್ಳಿಯಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಯಾದರೆ 30 ದಿನ ಅಂತ ಗಡುವೂ ಇದೆ. ಜಾಗದ ಪಹಣಿ, ಲೈಸೆನ್ಸ್ ಇರುವ ಗುತ್ತಿಗೆದಾರರ ವರದಿ ಕೇಳುತ್ತಾರೆ. ಮನೆ ಮೀಟರ್‌ನ ಗೃಹಜ್ಯೋತಿ ಅದರ ಪಾಡಿಗೆ ಇರುತ್ತದೆ. ಕಾರಿನ ಮೀಟರ್‌ಗೆ ಅದು ಸಿಗುವುದಿಲ್ಲ, ವಾಹನ ಚಾರ್ಜಿಂಗ್‌ಗೆ ಇರುವ ದರದಲ್ಲಿ ಬಿಲ್ ಬರುತ್ತದೆ.

ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಮೇಲೆ ಇರಬೇಕು, ಕಾರಿಗೆ ಚುಚ್ಚುವ ಜಾಗ 5 ಮೀಟರ್ ಒಳಗೆ ಸಿಗಬೇಕು, ನಡುವೆ ಎಕ್ಸ್‌ಟೆನ್ಷನ್ ವಯರ್ ಕೂಡದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಇದೆ. ಒಂದು ಇಟ್ಟಿಗೆ ಕಂಬ ಕಟ್ಟಿಸಿ, ಮೀಟರ್, ಸಾಕೆಟ್ ಎರಡೂ ಅದರಲ್ಲೇ. ಬೀಗ ಮರೆಯಬೇಡಿ, ರಸ್ತೆ ಪಕ್ಕ.

ಬಿಸಿಲೂರು
ಬೀಗ ಹಾಕದಿದ್ದರೆ ಕಬ್ಬಿನ ಹಾಲಿನ ಗಾಡಿಯವರು ಬಂದು ಮಷೀನ್ ಹಚ್ಚಿಕೊಳ್ಳುತ್ತಾರೆ. ಅನುಭವ.

ಗುಡ್ಡದಮೇಲೆ
ಸಿಡಿಲಿಗೆ ಎಸ್‌ಪಿಡಿಯನ್ನೂ (ಲೈನಿನಲ್ಲಿ ಬರುವ ಸಿಡಿಲಿನ ಹೊಡೆತವನ್ನು ನೆಲಕ್ಕೆ ತಿರುಗಿಸುವ ಸಾಧನ) ಆ ಪೆಟ್ಟಿಗೆಯಲ್ಲೇ ಹಾಕಿಸಿ. ಅರ್ತ್ ಚೆನ್ನಾಗಿದ್ದರೆ ಮಾತ್ರ ಅದು ಕೆಲಸ ಮಾಡುವುದು. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಎಸ್‌ಪಿಡಿ ಇದ್ದರೂ ನಾನು ಪ್ಲಗ್ ಕಿತ್ತೇ ಇಡುತ್ತೇನೆ. ಒಂದು ಟಿವಿ, ಎರಡು ಮೋಡೆಮ್ ಹೋದ ಮೇಲೆ ಕಲಿತ ಬುದ್ಧಿ.

ತೋಟದಮನೆ
ಐದು ವಾರ ಆಯಿತು, ಕಥೆ ಹೇಳಿ ಮುಗಿಸುತ್ತೇನೆ.

ಅರ್ಜಿ ಕೊಟ್ಟ 26ನೇ ದಿನ ಮೀಟರ್ ಬಂತು. ಮೊದಲು ಹೋದಾಗ ಕೌಂಟರ್‌ನಲ್ಲಿದ್ದವರು "ಕಾರಿಗೆ ಮೀಟರಾ?" ಅಂತ ಎರಡು ಸಲ ಕೇಳಿದರು. ನಿಯಮದ ಪ್ರಿಂಟ್ ತೋರಿಸಿದೆ, ಅವರೂ ಕೂತು ಓದಿದರು, ಫಾರಂ ಕೊಟ್ಟರು. ಇಟ್ಟಿಗೆ ಕಂಬ, ಎರಡು ಅರ್ತ್ ಗುಂಡಿ, ಟೈಪ್ ಎ ಆರ್‌ಸಿಬಿಒ, ಎಸ್‌ಪಿಡಿ, ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್. ಆದರೆ ಚಾರ್ಜರ್‌ನ ಪ್ಲಗ್ ಮೂರು ಪಿನ್ನಿನದು, ನೀಲಿ ಸಾಕೆಟ್ಟಿಗೆ ಹೋಗಲೇ ಇಲ್ಲ. ಅದನ್ನು ಬಿಚ್ಚಿಸಿ ಮತ್ತೆ ಮಾಮೂಲಿ 16 ಆಂಪ್ಸ್ ಸಾಕೆಟ್, ಒಳ್ಳೆಯದು ನೋಡಿ ಹಾಕಿಸಿದೆ. ಚಾರ್ಜರ್ 10 ಆಂಪ್ಸ್‌ನಲ್ಲಿ ಓಡುತ್ತಿದೆ. ಕೈ ಇಟ್ಟು ನೋಡಿದರೆ ಪ್ಲಗ್ ಉಗುರು ಬೆಚ್ಚಗೂ ಆಗುವುದಿಲ್ಲ.

ಒಂದು ತಪ್ಪು ಮಾಡಿದೆ. ಪೆಟ್ಟಿಗೆಯ ಬಾಗಿಲು ಪಶ್ಚಿಮಕ್ಕೆ ಮುಖ ಮಾಡಿದೆ, ನಮ್ಮ ಮಳೆ ಬಡಿಯುವುದೇ ಆ ಕಡೆಯಿಂದ. ಒಳಗೆ ಹನಿ ಬಂದಿಲ್ಲ, ಆದರೆ ಬಾಗಿಲು ತೆಗೆದು ಪ್ಲಗ್ ಹಾಕುವಷ್ಟರಲ್ಲಿ ಎಲ್ಲ ಒದ್ದೆ. ಸದ್ಯಕ್ಕೆ ಅಪ್ಪ ದೊಡ್ಡ ಅಡಿಕೆ ಹಾಳೆ ಎರಡನ್ನು ಹೊಲಿದು ಮಾಡಿನ ಹಾಗೆ ಕಟ್ಟಿದ್ದಾರೆ.

ಕರಾವಳಿಕಾರ
ಐಪಿ65 ಹಾಳೆ!

ವಯರ್‌ಮನ್
ಹಾಳೆ ಪೆಟ್ಟಿಗೆಯ ಹೊರಗಡೆ ಇರುವುದರಿಂದ ನನ್ನ ಅಭ್ಯಂತರ ಇಲ್ಲ. ಆದರೆ ಒಳಗೆ ಇರುವೆ ಗೂಡು ಕಟ್ಟುತ್ತದೆ, ವಯರ್ ಬರುವ ಗ್ಲ್ಯಾಂಡ್ ಬಿಗಿ ಇದೆಯಾ ನೋಡಿ. ಬೆಚ್ಚಗಿನ ಜಾಗ ಅಂದರೆ ಅವಕ್ಕೆ ಪ್ರಾಣ. ತಿಂಗಳಿಗೊಮ್ಮೆ ಆರ್‌ಸಿಬಿಒದ ಟೆಸ್ಟ್ ಬಟನ್ ಒತ್ತಿ.

ತೋಟದಮನೆ
ಒತ್ತಿದೆ, ಟಪ್ ಅಂತ ಬಿತ್ತು. ಇರುವೆ ಈಗಲೇ ಬಂದಿವೆ.

ಹೊಸಬ_22
ತಂಗಿ ಮನೆಗೆ ಈಗ ಹೋಗುತ್ತೀರಾ?

ತೋಟದಮನೆ
ಯಾಕೆ ಬರುತ್ತಿಲ್ಲ ಅಂತ ಭಾವ ನಿನ್ನೆ ಫೋನ್ ಮಾಡಿದ್ದರು. ಅವರೂ ಒಂದು ಎಲೆಕ್ಟ್ರಿಕ್ ಸ್ಕೂಟರ್ ನೋಡುತ್ತಿದ್ದಾರಂತೆ. ಅದಕ್ಕೆ ಎಂಥ ಸಾಕೆಟ್ ಬೇಕು ಅಂತ ಕೇಳಿದರು.

ವಯರ್‌ಮನ್
ಮೊದಲು ಅರ್ತ್ ಗುಂಡಿ ಎಲ್ಲಿದೆ ಅಂತ ಕೇಳಿ ಅವರನ್ನು.